ಪಟ್ಟಣದ ಗಡಿಯಾರದವನು: ಒಂದು ಐತಿಹಾಸಿಕ ಕಥೆಯ ಪ್ರಕರಣ ಅಧ್ಯಯನ

ಈ ಪ್ರಕರಣದ ನಾಯಕ ಇತಿಹಾಸದಲ್ಲಿ ಎಲ್ಲೂ ಸಿಗುವುದಿಲ್ಲ. ಅವನ ಸುತ್ತಲಿನ ಊರು, ದೊರೆ, ಯುದ್ಧ, ನಾಣ್ಯ, ಪಂಚಾಂಗ ಎಲ್ಲ ನಿಜ. ಮಂಡ್ಯದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಬರೆದ ನೀಳ್ಗತೆ ಇದು. ಫ್ರಾನ್ಸಿನಿಂದ ಟಿಪ್ಪು ಸುಲ್ತಾನನ ಆಸ್ಥಾನಕ್ಕೆ ಬಂದ ಗಡಿಯಾರ ಕೆಲಸದವನೊಬ್ಬ 1789ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ದಿನ ತಳ್ಳುವ ಕಥೆ. ಅವನಿಗೆ ಹೆಸರಿಲ್ಲ. ಅಲ್ಲಿನ ಗಂಜಾಂ ಪೇಟೆಯ ಜನ ಅವನನ್ನು ‘ಗಡಿಯಾರದವನು’ ಅಂತಲೇ ಕರೆಯುತ್ತಾರೆ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಕೂಟ ಇದೆ. ಒಬ್ಬರು ಬರೆದದ್ದನ್ನು ಉಳಿದವರು ಓದಿ ಜಗಳ ಆಡುತ್ತೇವೆ. ಕಥೆ ಅಲ್ಲಿಗೆ ಬಂದಾಗ ಒಂದು ಥರ ಇತ್ತು, ಹೋಗುವಾಗ ಬೇರೆಯೇ ಆಗಿತ್ತು. ನಡುವೆ ನಡೆದದ್ದನ್ನು ಮೇಷ್ಟ್ರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಕಥೆಯ ಕೆಳಗಿನ ನೆಲ

1787ರಲ್ಲಿ ಟಿಪ್ಪು ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ಪುದುಚೇರಿಯಲ್ಲಿ ಹಡಗು ಹತ್ತಿದವರು 1788ರ ಜೂನ್‌ನಲ್ಲಿ ಟೂಲಾನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ 16ನೇ ಲೂಯಿ ಅವರಿಗೆ ದರ್ಶನ ಕೊಟ್ಟ. ಇಂಗ್ಲಿಷರ ವಿರುದ್ಧ ಸೈನ್ಯ ಬೇಕು ಎಂದು ಇವರು ಕೇಳಿದರು. ಅದು ಸಿಗಲಿಲ್ಲ. ಖಜಾನೆ ಖಾಲಿ ಮಾಡಿಕೊಂಡು ಕೂತಿದ್ದ ದೊರೆ ಅವನು. ಸಿಕ್ಕಿದ್ದು ಮರ್ಯಾದೆ, ಸೆವ್ರ್ ಕಾರ್ಖಾನೆಯ ಪಿಂಗಾಣಿ, ಜೊತೆಗೆ ಒಂದಷ್ಟು ಕಸುಬುದಾರರು. ಫಿರಂಗಿ ಎರಕ, ಗಾಜು, ಪಿಂಗಾಣಿ, ಗಡಿಯಾರ, ವೈದ್ಯ, ತೋಟಗಾರಿಕೆ, ಹೀಗೆ ಟಿಪ್ಪು ಕೇಳಿದ್ದ ಪಟ್ಟಿ ಉದ್ದ ಇತ್ತು. ಬಂಗಾಳದಿಂದ ರೇಷ್ಮೆಹುಳ ತರಿಸಿದ ಮನುಷ್ಯ ಅವನು. ಎಲ್ಲಿ ಏನು ಚೆನ್ನಾಗಿದೆಯೋ ಅದನ್ನು ಮಾಡುವವರ ಸಮೇತ ಪಟ್ಟಣಕ್ಕೆ ತರಬೇಕು ಅನ್ನೋದು ಅವನ ಹಟ.

ರಾಯಭಾರಿಗಳು 1789ರಲ್ಲಿ ವಾಪಸ್ ಬಂದರು. ಅದೇ ವರ್ಷ ಜುಲೈ 14ರಂದು ಪ್ಯಾರಿಸ್ಸಿನಲ್ಲಿ ಬಾಸ್ತಿಲ್ ಕೋಟೆ ಬಿತ್ತು. ಅಂದರೆ ಮೇಷ್ಟ್ರ ಗಡಿಯಾರದವನು ಊರು ಬಿಟ್ಟ ಹೊತ್ತಿಗೂ ಕೆಲಸಕ್ಕೆ ಕೂತ ಹೊತ್ತಿಗೂ ನಡುವೆ ಅವನ ದೇಶವೇ ತಲೆಕೆಳಗಾಗಿದೆ. ಇಷ್ಟು ಗಟ್ಟಿ ನೆಲ ಕಥೆಗಾರನಿಗೆ ಸಿಗುವುದು ಅಪರೂಪ.

ಮೊದಲ ಕರಡಿನ ಸ್ಥಿತಿ

ನೆಲ ಗಟ್ಟಿ ಇದ್ದರೂ ಕಥೆ ಏಳಲಿಲ್ಲ. ಓದಿದ ಎಲ್ಲರೂ ಒಂದೇ ಮಾತು ಹೇಳಿದರು: ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.

ಒಂದು, ನೆಲಮಾಳಿಗೆ. ಪಟ್ಟಣಕ್ಕೆ ಹೋದವರೆಲ್ಲ ಬೈಲಿಯ ಹೆಸರಿನ ಆ ಕತ್ತಲೆ ಕಮಾನುಗಳನ್ನು ನೋಡಿ ಬರುತ್ತಾರೆ. ಮೇಷ್ಟ್ರು ತಮ್ಮ ನಾಯಕನನ್ನೂ ಅಲ್ಲಿಗೆ ತಳ್ಳಿ ಸರಪಳಿ ಹಾಕಿಸಿದ್ದರು. ಆದರೆ ಕರ್ನಲ್ ಬೈಲಿ ಯುದ್ಧಕೈದಿ. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು 1782ರಲ್ಲಿ ಪಟ್ಟಣದಲ್ಲೇ ಸತ್ತವನು. ಗಡಿಯಾರದವನು ದೊರೆಯೇ ಕೇಳಿ ಕರೆಸಿಕೊಂಡ ಆಳು. ಅವನಿಗೆ ಸಂಬಳ ಇದೆ, ಮನೆ ಇದೆ, ಕೆಲಸ ಇದೆ. ಬೇಡದವನ ಕಷ್ಟ ಬೇರೆ, ಬೇಕಾದವನ ಕಷ್ಟ ಬೇರೆ. ಬೇಕಾದವನನ್ನು ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಬಿಡುವುದೂ ಇಲ್ಲ.

ಎರಡು, ಹುಲಿ. ಇಂಗ್ಲಿಷನ ಮೇಲೆ ಕೂತ ಆ ಮರದ ಹುಲಿ ಎಲ್ಲರಿಗೂ ಗೊತ್ತು. ಹಿಡಿಕೆ ತಿರುಗಿಸಿದರೆ ಕೆಳಗೆ ಬಿದ್ದವನ ಕೈ ಆಡುತ್ತದೆ, ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರೊಳಗಿನ ಯಂತ್ರದಲ್ಲಿ ಫ್ರೆಂಚರ ಕೈವಾಡ ಇರಬಹುದು ಎಂದು ಬಹಳ ಜನ ಊಹಿಸಿದ್ದಾರೆ. ಸರಿ, ಫ್ರೆಂಚ್ ಗಡಿಯಾರದವನು ಸಿಕ್ಕ ಮೇಲೆ ಹುಲಿಯನ್ನು ಅವನ ಕೈಯಲ್ಲಿ ಮಾಡಿಸದೆ ಇರುವುದುಂಟೇ? ಮೇಷ್ಟ್ರೂ ಮಾಡಿಸಿದ್ದರು. ನನ್ನ ಪ್ರಕಾರ ಆ ಹುಲಿ ಯಾವ ಕಥೆಯೊಳಗೆ ಬಂದರೂ ಮೊದಲು ಕಥೆಯನ್ನೇ ತಿನ್ನುತ್ತದೆ. ಓದುಗ ಆಮೇಲೆ ಮನುಷ್ಯನನ್ನು ನೋಡುವುದಿಲ್ಲ.

ಮೂರು, ಟಿಪ್ಪು. ಪುಟಕ್ಕೊಂದು ಸಲ ಬಂದು ಭಾಷಣ ಮಾಡಿ ಹೋಗುತ್ತಿದ್ದ. ಈಗಿನ ಕಾಲದಲ್ಲಿ ಟಿಪ್ಪುವಿನ ಹೆಸರು ಬಂದ ಕೂಡಲೇ ಓದುವವರು ಎರಡು ಪಕ್ಷ ಆಗುತ್ತಾರೆ. ಕಥೆ ಯಾವ ಪಕ್ಷಕ್ಕೆ ಸೇರಿದ್ದು ಅಂತ ಹುಡುಕುವುದರಲ್ಲೇ ಓದು ಮುಗಿಯುತ್ತದೆ.

ನಾನು ಹೇಳಿದ್ದು ಇಷ್ಟೇ. ದೊರೆಯನ್ನು ಕಾಣದ ಹಾಗೆ ಮಾಡಿ, ಇತಿಹಾಸವೇ ಅದಕ್ಕೆ ಅನುಕೂಲ ಮಾಡಿಕೊಟ್ಟಿದೆ. 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮುಂದೆ ಯುದ್ಧದಲ್ಲಿದ್ದ. 1790ರಿಂದ ಇಂಗ್ಲಿಷರ ಜೊತೆ ದೊಡ್ಡ ಯುದ್ಧವೇ ಶುರುವಾಯಿತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯವರೆಗೆ ಬಂದು, ಮಳೆ ಹಿಡಿದು, ಎತ್ತುಗಳು ಸತ್ತು, ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಕ್ಕೆ ಹೋದ. 1792ರ ಫೆಬ್ರವರಿಯಲ್ಲಿ ಮತ್ತೆ ಬಂದು ಪಟ್ಟಣವನ್ನು ಮುತ್ತಿದ. ಅಂದರೆ ಗಡಿಯಾರದವನ ಮೊದಲ ಮೂರು ವರ್ಷ ದೊರೆಗೆ ಅವನ ಮುಖ ನೋಡಲು ಪುರಸೊತ್ತೇ ಇಲ್ಲ.

ಮೇಷ್ಟ್ರು ಸುಲಭಕ್ಕೆ ಒಪ್ಪಲಿಲ್ಲ. ‘ಆಸ್ಥಾನದ್ ಕತೆ ಅಂತೀರಿ, ದೊರೇನೇ ಇಲ್ದೆ ಎಂಗ್ ಸ್ವಾಮಿ?’ ಅಂದರು.

ಆಸ್ಥಾನದಲ್ಲಿ ಬದುಕಿದ ಹೆಚ್ಚಿನವರಿಗೆ ದೊರೆ ಅಂದರೆ ಒಂದು ಹುಕುಂ, ಒಂದು ಮೊಹರು, ಕೋಟೆ ಬಾಗಿಲ ಕಾವಲಿನವನು, ಸಂಬಳ ಎಣಿಸಿ ಕೊಡುವ ಗುಮಾಸ್ತ, ಅಷ್ಟೇ ಅಲ್ವಾ. ಎರಡನೇ ಕರಡಿನಲ್ಲಿ ಟಿಪ್ಪು ಒಂದೇ ಒಂದು ಸಲ ಕಾಣಿಸಿಕೊಳ್ಳುತ್ತಾನೆ. ಅದೂ ದೂರದಿಂದ, ಕುದುರೆ ಮೇಲೆ.

ಸಂಬಳದ ಪುಟ

ದೊರೆ ಹೋದ ಜಾಗಕ್ಕೆ ಕಛೇರಿ ಬಂತು. ಈ ಭಾಗ ಮೇಷ್ಟ್ರು ಬಹಳ ಚೆನ್ನಾಗಿ ಬರೆದಿದ್ದಾರೆ. ಸರ್ಕಾರಿ ನೌಕರಿ ಮಾಡಿದವರಿಗೆ ಕಛೇರಿ ವಿವರಿಸಿ ಹೇಳಬೇಕಾಗಿಲ್ಲ.

ಲೆಕ್ಕ ಪಾರಸಿಯಲ್ಲಿ. ಬೀದಿಯ ಮಾತು ಕನ್ನಡ. ಗಡಿಯಾರದವನಿಗೆ ಎರಡೂ ಬರುವುದಿಲ್ಲ. ದುಬಾಷಿ ಒಬ್ಬನಿದ್ದಾನೆ, ಪುದುಚೇರಿಯಿಂದ ಬಂದವನು, ಇವನು ಹೇಳಿದ್ದರಲ್ಲಿ ಅರ್ಧ ನುಂಗಿ ಉಳಿದ ಅರ್ಧ ಹೇಳುತ್ತಾನೆ. ಸಂಬಳ ಕೊಡುವ ನಾಣ್ಯಗಳಿಗೂ ಟಿಪ್ಪು ಹೊಸ ಹೆಸರಿಟ್ಟಿದ್ದ. ರೂಪಾಯಿಗೆ ಇಮಾಮಿ, ಎರಡು ರೂಪಾಯಿಗೆ ಹೈದರಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ. ತಾಮ್ರದ ಕಾಸಿಗೆ ನಕ್ಷತ್ರ, ಗ್ರಹಗಳ ಹೆಸರು: ಜೋಹ್ರಾ ಅಂದರೆ ಶುಕ್ರ, ಬಹ್ರಾಮ್ ಅಂದರೆ ಮಂಗಳ, ಮುಷ್ತರಿ ಅಂದರೆ ಗುರು, ಕುತ್ಬ್ ಅಂದರೆ ಧ್ರುವ. ಗಡಿಯಾರದವನಿಗೆ ಆಕಾಶದ ಲೆಕ್ಕ ಗೊತ್ತು. ಅಂಗೈಯಲ್ಲಿ ಶುಕ್ರ, ಮಂಗಳ ಬಂದು ಕೂತಾಗ ನಗು ಬರುತ್ತದೆ. ಅದನ್ನು ಹಂಚಿಕೊಳ್ಳೋಣ ಅಂದರೆ ಯಾರಿಗೆ ಹೇಳಬೇಕು? ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಅದು ಬರೀ ಆನೆ ಕಾಸು. ಒಂದು ಬದಿಯಲ್ಲಿ ಆನೆ ಇದೆ, ಅಷ್ಟು ಸಾಕು.

ಒಬ್ಬ ಮನುಷ್ಯನ ಒಂಟಿತನ ಇಲ್ಲಿ ನಮಗೆ ಮೊದಲ ಸಲ ಕಂಡಿತು. ಆದರೂ ನಮ್ಮ ಕೂಟದಲ್ಲಿ ಒಬ್ಬರು ತಕರಾರು ತೆಗೆದರು. ಪಟ್ಟಣದಲ್ಲಿ ಫ್ರೆಂಚರಿಗೇನು ಬರ ಇತ್ತಾ? ಪಕ್ಕದ ಹಿರೋಡೆಯಲ್ಲಿ, ಅಂದರೆ ಈಗಿನ ಪಾಂಡವಪುರದಲ್ಲಿ, ಫ್ರೆಂಚ್ ಸಿಪಾಯಿಗಳೇ ಬೀಡುಬಿಟ್ಟಿದ್ದರು. ಅದಕ್ಕೇ ಇಂಗ್ಲಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಅಂದದ್ದು. ಮಾತು ನಿಜ. ಮೇಷ್ಟ್ರು ಅದನ್ನು ಅಡ್ಡಿ ಅಂದುಕೊಳ್ಳದೆ ಕಥೆಯೊಳಗೇ ತಂದರು. ಗಡಿಯಾರದವನು ಹಿರೋಡೆಗೆ ಹೋಗುತ್ತಾನೆ. ಸಿಪಾಯಿಗಳಿಗೆ ಇವನು ಬರೀ ಕೈಕೆಲಸದವನು. ಸ್ವಂತ ಭಾಷೆಯಲ್ಲೇ ಹೊರಗಿಟ್ಟು ಮಾತಾಡುತ್ತಾರೆ. ಹಾಗೇ ವಾಪಸ್ ಬರುತ್ತಾನೆ.

ಹೊತ್ತಿನ ಲೆಕ್ಕ

ಕಥೆಗೆ ಜೀವ ಬಂದದ್ದು ಇಲ್ಲಿಂದ. ಅವನು ಏನನ್ನು ಸಹಿಸಿಕೊಳ್ಳುತ್ತಾನೆ ಅನ್ನೋ ಪ್ರಶ್ನೆಗೆ ಮೊದಲ ಕರಡಿನಲ್ಲಿ ಉತ್ತರ ಇರಲಿಲ್ಲ. ಅವಮಾನ, ಊಟ, ಸೆಕೆ ಎಲ್ಲ ಯಾವ ಪರದೇಶಿಗೂ ಇರುವಂಥದ್ದೇ. ಇವನು ಗಡಿಯಾರದವನು. ಇವನಿಗೆ ಮಾತ್ರ ಆಗುವ ಕಷ್ಟ ಯಾವುದು?

ಪಟ್ಟಣದ ಕೋಟೆಯೊಳಗೆ ದಿನ ಮೂರು ಸಲ ಹುಟ್ಟುತ್ತಿತ್ತು. ರಂಗನಾಥನ ಗುಡಿಯ ಪಂಚಾಂಗಕ್ಕೆ ಸೂರ್ಯ ಹುಟ್ಟಿದಾಗ ದಿನ ಶುರು. ಅಲ್ಲಿಂದ 60 ಗಳಿಗೆ, ಗಳಿಗೆಗೆ 24 ನಿಮಿಷ. ಮಸೀದಿಯ ತಾರೀಖು ಸೂರ್ಯ ಮುಳುಗಿದಾಗ ಬದಲಾಗುತ್ತದೆ. ಗಡಿಯಾರದವನ ದಿನ ನಡುರಾತ್ರಿಗೆ ಹುಟ್ಟುತ್ತದೆ. ಅರಮನೆ, ಗುಡಿ, ಮಸೀದಿ ಎಲ್ಲ ಒಂದು ಕೂಗಿನ ದೂರದಲ್ಲಿವೆ. ಇವನು ಮೂರನ್ನೂ ಕೇಳಿಸಿಕೊಳ್ಳುತ್ತಾ ಹನ್ನೆರಡು ಗಂಟೆಯ ಮುಖಕ್ಕೆ ಮುಳ್ಳು ಕೂರಿಸುತ್ತಾನೆ.

ಅದು ಸಾಲದು ಅಂತ ಟಿಪ್ಪು ಪಂಚಾಂಗವನ್ನೇ ಬದಲಾಯಿಸಿದ್ದ. ಪ್ರವಾದಿ ಹುಟ್ಟಿದ ವರ್ಷದಿಂದ ಎಣಿಸುವ ಮೌಲೂದಿ ಶಕೆ. ತಿಂಗಳಿಗೆ ಹೊಸ ಹೆಸರು: ಅಹ್ಮದಿ, ಬಹಾರಿ, ಜಾಫರಿ, ಹೀಗೆ. ಮಜಾ ಏನೆಂದರೆ ಅದರ ಒಳಗಿನ ಚೌಕಟ್ಟು ನಮ್ಮದೇ ಚಾಂದ್ರಮಾನ ಪಂಚಾಂಗ. ಅರವತ್ತು ಸಂವತ್ಸರ, ಅಧಿಕ ಮಾಸ ಎಲ್ಲ ಹಾಗೇ ಇದ್ದವು, ಹೆಸರು ಮಾತ್ರ ಬೇರೆ. ನಾಣ್ಯದ ಮೇಲೆ ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. ಮೇಷ್ಟ್ರ ನಾಯಕ ಒಂದು ಇಮಾಮಿಯನ್ನು ಹಿಡಿದುಕೊಂಡು ಯಾವ ವರ್ಷದ್ದು ಅಂತ ಓದಲು ಹೋಗಿ ಸಾವಿರಾರು ವರ್ಷ ಮುಂದಕ್ಕೆ ಹೋಗಿಬಿಡುವ ಒಂದು ಸಣ್ಣ ಸಾಲಿದೆ. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅದು.

ಅಲ್ಲಿ ಪ್ಯಾರಿಸ್ಸಿನಲ್ಲೂ ಇದೇ ನಡೆಯಿತು! 1793ರ ಜನವರಿ 21ರಂದು 16ನೇ ಲೂಯಿಯ ತಲೆ ತೆಗೆದರು. ಅದೇ ವರ್ಷದ ಕೊನೆಯ ಹೊತ್ತಿಗೆ ಹಳೆಯ ಪಂಚಾಂಗ ರದ್ದು, ಹೊಸದು ಜಾರಿ. ತಿಂಗಳಿಗೆ ಹೊಸ ಹೆಸರು, ಹತ್ತು ದಿನದ ವಾರ. ದಿನಕ್ಕೆ ಹತ್ತೇ ಗಂಟೆ, ಗಂಟೆಗೆ ನೂರು ನಿಮಿಷ. ಗಡಿಯಾರದವನು ಬಿಟ್ಟು ಬಂದ ದೊರೆಯೂ ಇಲ್ಲ, ಕಲಿತ ಗಂಟೆಯೂ ಇಲ್ಲ.

ಸುದ್ದಿ ಅವನಿಗೆ ಮುಟ್ಟುವುದು ಹೇಗೆ? ಮೇಷ್ಟ್ರು ಸುಮ್ನೆ ಒಂದು ಕಾಗದ ಬಂತು ಅಂತ ಬರೆದಿದ್ದರು. ಅದು ಆಗದ ಮಾತು. 1793ರ ಆಗಸ್ಟ್‌ನಲ್ಲಿ ಪುದುಚೇರಿ ಇಂಗ್ಲಿಷರ ವಶವಾಯಿತು. ದೊರೆ ಸತ್ತ ಸುದ್ದಿ ಅಷ್ಟರೊಳಗೆ ಬಂದಿರಬಹುದು, ಗಂಟೆ ಬದಲಾದ ಸುದ್ದಿಗೆ ದಾರಿ ಇಲ್ಲ. ಅದಕ್ಕೆ 1797ರವರೆಗೆ ಕಾಯಬೇಕು. ಆ ವರ್ಷ ರಿಪೋ ಎಂಬ ಫ್ರೆಂಚ್ ಹಡಗಿನವನು ಮಂಗಳೂರಿಗೆ ಬಂದು, ಅಲ್ಲಿಂದ ಪಟ್ಟಣ ಸೇರಿದ. ಇಲ್ಲಿದ್ದ ಫ್ರೆಂಚರನ್ನು ಸೇರಿಸಿ ಕ್ರಾಂತಿಕಾರಿ ಕೂಟ ಕಟ್ಟಿದ, ಸ್ವಾತಂತ್ರ್ಯದ ಮರ ನೆಟ್ಟ ಅನ್ನುತ್ತವೆ ಕಾಗದಪತ್ರಗಳು. ಆ ಕಾಗದಗಳು ಯುದ್ಧ ಮುಗಿದ ಮೇಲೆ ಇಂಗ್ಲಿಷರು ಪ್ರಕಟಿಸಿದ್ದು, ಹಾಗಾಗಿ ಕೆಲವು ಇತಿಹಾಸಕಾರರು ಅವನ್ನು ಪೂರ್ತಿ ನಂಬುವುದಿಲ್ಲ. ಮೇಷ್ಟ್ರು ಜಾಣತನ ಮಾಡಿದರು. ಗಡಿಯಾರದವನನ್ನು ಆ ಸಭೆಗೆ ಕಳಿಸಲೇ ಇಲ್ಲ. ಜ್ವರ ಬಂದು ಗಂಜಾಂನಲ್ಲೇ ಮಲಗಿರುತ್ತಾನೆ. ಸಭೆಯ ಕಥೆಯನ್ನು ದುಬಾಷಿ ಬಂದು ಹೇಳುತ್ತಾನೆ, ಯಥಾಪ್ರಕಾರ ಅರ್ಧ ನುಂಗಿ. ಹತ್ತು ಗಂಟೆಯ ದಿನದ ಸುದ್ದಿ ಮಾತ್ರ ನುಂಗುವುದಿಲ್ಲ.

ಜ್ವರ ಬಿಟ್ಟ ಮೇಲೆ ಅವನು ಹತ್ತು ಗಂಟೆಯ ಮುಖ ಮಾಡಲು ಕೂರುತ್ತಾನೆ. ಒಂದೇ ಮುಳ್ಳು, ದಿನಕ್ಕೆ ಒಂದೇ ಸುತ್ತು. ಒಳಗೆ ಒಂದು ಚಕ್ರಕ್ಕೆ ಎರಡರಷ್ಟು ಹಲ್ಲು ಕೊರೆಯಬೇಕು. ಊರಿನಿಂದ ತಂದ ಎಣ್ಣೆ ಎಂದೋ ಅಂಟಾಗಿ ಹೋಗಿದೆ, ಎಳ್ಳೆಣ್ಣೆ ಸೋಸಿ ಸೋಸಿ ಹಾಕುತ್ತಾನೆ. ಅವನಿಗೆ ಗೊತ್ತಿಲ್ಲ, ಓದುಗನಿಗೆ ಗೊತ್ತಾಗುತ್ತದೆ: ಹತ್ತು ಗಂಟೆಯ ಕಡ್ಡಾಯವನ್ನು ಫ್ರಾನ್ಸ್ 1795ರ ಏಪ್ರಿಲ್‌ನಲ್ಲೇ ಕೈಬಿಟ್ಟಿತ್ತು. ಜಗತ್ತಿನಲ್ಲಿ ಯಾರಿಗೂ ಬೇಡದ ಗಡಿಯಾರವನ್ನು ಅವನು ಮಾಡುತ್ತಿದ್ದಾನೆ.

ಕಥೆ ಅಲ್ಲೇ ನಿಲ್ಲುತ್ತಿತ್ತೇನೋ. ನಮ್ಮಲ್ಲಿ ಪಂಚಾಂಗ ನೋಡಿ ಅಭ್ಯಾಸ ಇರುವ ಒಬ್ಬರು ಅಲ್ಲೇ ಕೂತು ಲೆಕ್ಕ ಹಾಕಿದರು. ದಿನಕ್ಕೆ 60 ಗಳಿಗೆ. ಹತ್ತರಿಂದ ಭಾಗಿಸಿದರೆ ಆರು. ಕ್ರಾಂತಿಯ ಒಂದು ಗಂಟೆ ಅಂದರೆ ಸರಿಯಾಗಿ ಆರು ಗಳಿಗೆ, ಒಂದು ಕ್ಷಣ ಹೆಚ್ಚಿಲ್ಲ, ಕಮ್ಮಿ ಇಲ್ಲ. ಹನ್ನೆರಡು ಗಂಟೆಯ ಮುಖವನ್ನು ಗಳಿಗೆಗೆ ಹೊಂದಿಸಲು ಹೋದರೆ ಎರಡೂವರೆಯ ಲೆಕ್ಕ ಬಂದು ತಲೆ ಕೆಡುತ್ತದೆ. ಹತ್ತರ ಮುಖ ಹಾಗೇ ಕೂರುತ್ತದೆ. ಸೂರ್ಯ ಹುಟ್ಟುವಾಗ ಮುಳ್ಳು ಮೇಲಕ್ಕೆ ತಂದು ಬಿಟ್ಟರೆ ಆಯಿತು.

ಮೇಷ್ಟ್ರು ಆ ದಿನ ಊಟಕ್ಕೂ ನಿಲ್ಲದೆ ಮಂಡ್ಯದ ಬಸ್ಸು ಹಿಡಿದರು.

ಹೊರಗಿನವರು ಯಾರು

ಹೊಸ ಕರಡಿನಲ್ಲಿ ಆ ಗಡಿಯಾರವನ್ನು ಮೊದಲು ಓದುವುದು ಪಕ್ಕದ ಮನೆಯ ಅಜ್ಜಿ. ಮೊದಲಿನ ಕರಡಿನಲ್ಲಿ ಆಕೆ ಬರೀ ಮುದ್ದೆ ತಂದಿಟ್ಟು ಹೋಗುವವಳು. ಈಗ ಆಕೆಗೂ ಒಂದು ಹಿನ್ನೆಲೆ ಇದೆ. ಹೈದರ್, ಟಿಪ್ಪು ಕಾಲದಲ್ಲಿ ಗಂಜಾಂ ಪೇಟೆಯನ್ನು ತುಂಬಿಸಲು ಶಿರಾದಿಂದ ಸಾವಿರಾರು ಕುಟುಂಬಗಳನ್ನು ಬಲವಂತವಾಗಿ ತಂದು ಕೂರಿಸಿದ್ದರು. ಅಜ್ಜಿ ಆ ಮನೆತನದವಳು. ಗಡಿಯಾರದವನು ಸಮುದ್ರ ದಾಟಿ ಒಪ್ಪಂದದ ಮೇಲೆ ಬಂದ. ಈಕೆಯನ್ನು ಗಾಡಿಯಲ್ಲಿ ಹೇರಿ ತಂದರು, ಯಾರೂ ಒಪ್ಪಿಗೆ ಕೇಳಲಿಲ್ಲ.

ಅವನು ಹನ್ನೆರಡು ಗಂಟೆಯ ಗಡಿಯಾರ ತೋರಿಸಿದಾಗ ಆಕೆ ಅನ್ನುತ್ತಾಳೆ: ‘ಬಿಸ್ಲು ಒಸ್ಲಿಗ್ ಬಂದ್ರೆ ಉಣ್ಣೋ ಒತ್ತು ಕಣಪ್ಪ. ಅದುಕ್ಕೂ ಒಂದ್ ಯಂತ್ರ ಬೇಕಾ?’

ಹತ್ತರ ಗಡಿಯಾರ ನೋಡಿದಾಗ ಒಂದು ಗಳಿಗೆ ಸುಮ್ಮನಿದ್ದು, ಬೆರಳು ಮಡಿಸಿ ಎಣಿಸಿ, ‘ಈಗ್ ಸರಿ ಓಯ್ತಾದೆ ನೋಡು’ ಅನ್ನುತ್ತಾಳೆ. ಅಷ್ಟೇ. ಮೇಷ್ಟ್ರಿಗೆ ಅಲ್ಲಿ ಇನ್ನೂ ನಾಲ್ಕು ಸಾಲು ಬರೆಯುವ ಆಸೆ ಇತ್ತು, ನಾವು ಬಿಡಲಿಲ್ಲ. ಮುಖದ ಮೇಲೆ ಕನ್ನಡ ಅಂಕಿ ಬರೆಸುವ ಆಸೆಯನ್ನೂ ಬಿಡಿಸಲು ನೋಡಿದೆವು. ಅದಕ್ಕೆ ಮಾತ್ರ ಅವರು ಜಗ್ಗಲಿಲ್ಲ. ಮೈಸೂರಿನ ದೊಡ್ಡ ಗಡಿಯಾರದ ಮೇಲಿರುವ ಕನ್ನಡ ಅಂಕಿಗಳು ಚಿಕ್ಕಂದಿನಿಂದ ಅವರ ತಲೆಯಲ್ಲಿ ಕೂತಿವೆ. ಅದು 1927ರದ್ದು, ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ್ದಕ್ಕೆ ಕಟ್ಟಿದ್ದು ಅಂತ ಹೇಳಿದರೂ ಕೇಳಲಿಲ್ಲ. ಅಜ್ಜಿಗೆ ಓದು ಬರದಿದ್ದರೂ ಅಂಕಿ ಗೊತ್ತು, ಸಂತೆಗೆ ಹೋಗುವವಳು ಅಂತ ವಾದ ಮಾಡಿದರು. ಇರಲಿ.

ಇನ್ನೊಂದು ಮನೆಯನ್ನು ಮೇಷ್ಟ್ರು ದೂರದಿಂದ ಮಾತ್ರ ತೋರಿಸಿದ್ದಾರೆ. ಒಡೆಯರ ಕುಟುಂಬ ಅದೇ ಪಟ್ಟಣದಲ್ಲಿತ್ತು. ರಾಜ್ಯ ಅವರ ಹೆಸರಿನದು, ಕಾವಲು ಬೇರೆಯವರದು. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ಟಿಪ್ಪು ಇನ್ನೊಬ್ಬರನ್ನು ಪಟ್ಟಕ್ಕೆ ಕೂರಿಸಲಿಲ್ಲ. ರಾಣಿ ಲಕ್ಷ್ಮಮ್ಮಣ್ಣಿಯವರು ಒಳಗಿನಿಂದಲೇ ಇಂಗ್ಲಿಷರ ಜೊತೆ ಗುಟ್ಟಾಗಿ ವ್ಯವಹಾರ ನಡೆಸುತ್ತಿದ್ದರು. ಆಸ್ಥಾನದಲ್ಲಿ ಹೊರಗಿನವರಾಗಿ ಹೇಗೆ ಬದುಕಬೇಕು ಅನ್ನೋ ವಿದ್ಯೆಯಲ್ಲಿ ಅವರ ಮುಂದೆ ಗಡಿಯಾರದವನು ಎಳಸು. ಅದರ ಬಗ್ಗೆ ಬೇರೆ ಕಥೆಯೇ ಬರೆಯಬೇಕು. ಇಲ್ಲಿ ಆ ಮನೆಯಿಂದ ರಿಪೇರಿಗೆ ಒಂದು ಗಡಿಯಾರ ಬರುತ್ತದೆ, ಯಾರದ್ದು ಅಂತ ತಂದವನು ಹೇಳುವುದಿಲ್ಲ.

ಕೊನೆಯ ಬಗ್ಗೆ ಜಗಳ

1799ರ ಮೇ 4, ಪಟ್ಟಣ ಇಂಗ್ಲಿಷರ ವಶವಾಗಿ ಟಿಪ್ಪು ಸತ್ತ ದಿನ. ಮೊದಲ ಕರಡಿನಲ್ಲಿ ಗಡಿಯಾರದವನು ಟಿಪ್ಪುವಿನ ಪಕ್ಕದಲ್ಲೇ ಸಾಯುತ್ತಿದ್ದ. ಹತ್ತು ವರ್ಷ ದೊರೆಯ ಮುಖ ನೋಡದವನು ಸಾಯಲು ಮಾತ್ರ ಅಲ್ಲಿಗೆ ಓಡಿಹೋಗಬೇಕಾ? ಅದು ಹೋಯಿತು. ಈಗಿನ ಕೊನೆಯಲ್ಲಿ ಲೂಟಿ ಮುಗಿದು ವಾರಗಳಾಗಿವೆ. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಆಗಿದೆ. ರಾಜಧಾನಿಯೇ ಎದ್ದು ಮೈಸೂರಿಗೆ ಹೊರಟಿದೆ. ಗಂಜಾಂನ ಮನೆಗಳು ಖಾಲಿಯಾಗುತ್ತಿವೆ. ಒಬ್ಬ ಇಂಗ್ಲಿಷ್ ಅಧಿಕಾರಿ ಲೂಟಿಯಲ್ಲಿ ಸಿಕ್ಕ ಗಡಿಯಾರವೊಂದನ್ನು ರಿಪೇರಿಗೆ ತರುತ್ತಾನೆ. ಗಡಿಯಾರದವನು ಅದನ್ನು ಬಿಚ್ಚುವ ಮೊದಲೇ ಕೇಳುತ್ತಾನೆ: ಯಾವ ದುಡ್ಡಲ್ಲಿ ಕೊಡ್ತೀರಿ?

ಕೂಟದಲ್ಲಿ ಇದನ್ನು ಒಪ್ಪದವರು ಇದ್ದಾರೆ. ಹತ್ತು ಗಂಟೆಗೂ ಗಳಿಗೆಗೂ ಲೆಕ್ಕ ಕೂಡಿಬಂದದ್ದು ಕಥೆಗಾರನ ಕೈಚಳಕದ ಹಾಗೆ ಕಾಣುತ್ತದೆ, ಓದುಗ ನಂಬುವುದಿಲ್ಲ ಅನ್ನುತ್ತಾರೆ. ಗುಣಾಕಾರ ನಂಬದವರಿಗೆ ಏನು ಮಾಡೋದು ಅಂತ ಮೇಷ್ಟ್ರು. ನಾನು ಮೇಷ್ಟ್ರ ಕಡೆ. ಅವರಿಗೆ ಈಗ ಹೊಸ ಯೋಚನೆ ಬಂದಿದೆ. ಆ ಅರ್ಧ ನುಂಗುವ ದುಬಾಷಿಯ ಬಾಯಲ್ಲೇ ಇಡೀ ಕಥೆಯನ್ನು ಮೊದಲಿಂದ ಹೇಳಿಸಿದರೆ ಹೇಗೆ ಅಂತ ಕೇಳುತ್ತಿದ್ದಾರೆ. ಬೇಡ ಅಂದಿದ್ದೇನೆ. ಕೇಳುತ್ತಾರೆ ಅನ್ನೋ ನಂಬಿಕೆ ಇಲ್ಲ.